ಸರೋವರದ ದಡದಲ್ಲಿ ಕಾವಲುಗಾರ್ತಿಯರ ಮನೆಗಳು

ಬರ್ಲಿನ್ ನಗರದಿಂದ ಉತ್ತರಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ಇಕ್ಕೆಲಗಳಲ್ಲಿ ಪೈನ್ ಮರಗಳ ಕಾಡು, ನಡುನಡುವೆ ತಿಳಿನೀರಿನ ಸರೋವರಗಳು. ಫ್ಯೂರ್ಸ್ಟೆನ್‌ಬರ್ಗ್ ಎಂಬ ಪುಟ್ಟ ಊರಿನಲ್ಲಿ ನಾನೂ ನನ್ನ ಶ್ರೀಮತಿಯೂ ಇಳಿದಾಗ, ವಿಹಾರಕ್ಕೆ ಇದಕ್ಕಿಂತ ಪ್ರಶಸ್ತವಾದ ಸ್ಥಳ ಬೇರೊಂದಿರಲಾರದೆಂದು ತೋರಿತು. ಆದರೆ ನಾವು ಹೊರಟಿದ್ದುದು ವಿಹಾರಕ್ಕಲ್ಲ. ಅರ್ಧ ಗಂಟೆ ನಡೆದರೆ, ಸರೋವರದ ಆಚೆಯ ದಡದಲ್ಲಿ ರಾವೆನ್ಸ್‌ಬ್ರ್ಯುಕ್ ಇದೆ. 1939ರ ಮೇ ತಿಂಗಳಿನಿಂದ, 1945ರ ಏಪ್ರಿಲ್ 30ರಂದು ಸೋವಿಯತ್ ಸೈನ್ಯ ಬಂದು ಬಿಡಿಸುವವರೆಗೆ, ನಾಜಿಗಳು ಹೆಂಗಸರಿಗೆಂದೇ ನಡೆಸಿದ ಬಂದೀಶಿಬಿರವದು. ಸುಮಾರು 1,20,000 ಹೆಂಗಸರೂ ಮಕ್ಕಳೂ ಇದರ ಬಾಗಿಲನ್ನು ಹಾದು ಒಳಹೋದರು. ಅವರಲ್ಲಿ ಹತ್ತಾರು ಸಾವಿರ ಮಂದಿ ಮರಳಲಿಲ್ಲ.

ಬಂದಿಗಳು ಮಲಗುತ್ತಿದ್ದ ಮರದ ಕೊಟ್ಟಿಗೆಗಳು ಇಂದು ಇಲ್ಲ. ಅವು ಇದ್ದ ಕಡೆ ನೆಲ ತುಸು ತಗ್ಗಾಗಿದೆ, ಸುತ್ತಲೂ ಕಪ್ಪು ಕಿಟ್ಟದ ಪುಡಿ ಹರಡಿದೆ, ಅಷ್ಟೇ. ಗೋಡೆಯ ಮಗ್ಗುಲಲ್ಲಿ ಸುಡುಗೂಡಿನ ಕಟ್ಟಡ; ಅದರ ಬೂದಿಯನ್ನು ಸರೋವರಕ್ಕೆ ಸುರಿಯುತ್ತಿದ್ದರಂತೆ. ದಡದ ಎತ್ತರದ ಪೀಠದ ಮೇಲೆ, ಕುಸಿದ ಸಂಗಾತಿಯನ್ನು ಎತ್ತಿ ಹಿಡಿದ ಹೆಂಗಸಿನ ಕಂಚಿನ ಪ್ರತಿಮೆಯೊಂದು ನೀರಿನತ್ತ ಮುಖ ಮಾಡಿ ನಿಂತಿದೆ.

ಬಂದಿಗಳ ಮನೆಗಳು ಅಳಿದುವು. ಕಾವಲುಗಾರ್ತಿಯರ ಮನೆಗಳು ಮಾತ್ರ ಗಟ್ಟಿಮುಟ್ಟಾಗಿ ನಿಂತಿವೆ. ಇಳಿಜಾರು ಚಾವಣಿಯ ಎಂಟು ಅಂದವಾದ ಮನೆಗಳು. ಕೆಲವು 2002ರಿಂದ ಯುವಜನರ ವಸತಿಗೃಹವಾಗಿವೆ. ನಾವು ಹೋದ ದಿನ ಶಾಲೆಯ ಮಕ್ಕಳು ಅಂಗಳದಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದರು. ಇನ್ನೊಂದು ಮನೆಯಲ್ಲಿ ಕಾವಲುಗಾರ್ತಿಯರನ್ನೇ ಕುರಿತ ಪ್ರದರ್ಶನವಿದೆ. ಸುಮಾರು 3,500 ಹೆಂಗಸರು ಇಲ್ಲಿ ತರಬೇತಿ ಪಡೆದರು, ಇಲ್ಲವೇ ಕೆಲಸ ಮಾಡಿದರು. ಕಾರ್ಖಾನೆಯ ಕೂಲಿಯವರು, ಅಡುಗೆಯ ಮನೆಯಲ್ಲಿ ದುಡಿಯುತ್ತಿದ್ದವರು, ಹಳ್ಳಿಯ ಹುಡುಗಿಯರು. ಒಳ್ಳೆಯ ಸಂಬಳ, ಊಟ, ವಸತಿ, ಸಮವಸ್ತ್ರ ಎಂದು ಕೇಳಿ ಬಂದವರೂ ಇದ್ದರು. ಮುಂದೆ ಕಡ್ಡಾಯವಾಗಿ ಕಳುಹಿಸಲ್ಪಟ್ಟವರೂ ಇದ್ದರು. ಎಸ್.ಎಸ್. ಪಡೆಯಲ್ಲಿ ಹೆಂಗಸರಿಗೆ ಸದಸ್ಯತ್ವವಿರಲಿಲ್ಲ. ಇವರನ್ನು ‘ಪರಿವಾರ’ವೆಂದು ಕರೆದು ಸೇರಿಸಿಕೊಂಡಿದ್ದರು, ಮೇಲಿನ ಕಮಾಂಡೆಂಟ್ ಎಂದೂ ಗಂಡಸೇ.

ಇರ್ಮಾ ಗ್ರೇಸೆ ಎಂಬಾಕೆಯ ಹೆಸರನ್ನು ವಾಚಕರು ಕೇಳಿರಬಹುದು. 1942ರಲ್ಲಿ ಇಲ್ಲಿಗೆ ಬಂದು, ಮುಂದೆ ಆಶ್ವಿಟ್ಸ್, ಬೆಲ್ಸೆನ್‌ಗಳಲ್ಲಿ ಕುಖ್ಯಾತಳಾಗಿ, 1945ರ ಡಿಸೆಂಬರ್ 13ರಂದು ತನ್ನ 22ನೆಯ ವಯಸ್ಸಿನಲ್ಲಿ ಗಲ್ಲಿಗೇರಿದಳು. ಪತ್ರಿಕೆಗಳು ಆಕೆಯ ಚೆಲುವನ್ನೂ ಹೊಂಗೂದಲನ್ನೂ ವರ್ಣಿಸಿ ದಣಿಯಲಿಲ್ಲ. ನಾನು ಅದನ್ನೇ ಹೇಳಹೊರಟಾಗ ನನ್ನಾಕೆ ತಡೆದಳು.

“ಅವಳ ಕೂದಲಿನ ಬಣ್ಣ ನಮಗೇಕೆ? ಅದೇ ಮೊಕದ್ದಮೆಯಲ್ಲಿ ಗಂಡಸರೆಷ್ಟು ಮಂದಿಗೆ ಗಲ್ಲಾಯಿತು?”

“ಹನ್ನೊಂದು ಮಂದಿಯಲ್ಲಿ ಎಂಟು.”

“ಅವರಲ್ಲಿ ಯಾರ ಮುಖದ ಅಂದಚೆಂದವನ್ನಾದರೂ ನೀವು ಓದಿದ್ದೀರಾ?”

ನಾನು ಓದಿರಲಿಲ್ಲ. ಕ್ರೌರ್ಯ ಗಂಡಸಿನದಾದರೆ ಅಪರಾಧ, ಹೆಂಗಸಿನದಾದರೆ ವಿಚಿತ್ರ ಪ್ರಾಣಿಯ ಪ್ರದರ್ಶನ. ಅದರ ಇನ್ನೊಂದು ಮಗ್ಗುಲು, ಪಾಪ, ಅಬಲೆಯರು, ಹೇಳಿದಂತೆ ಕೇಳಿದರು ಎಂಬ ಕನಿಕರ. ಹ್ಯಾಂಬರ್ಗಿನಲ್ಲಿ 1946ರಿಂದ 1948ರವರೆಗೆ ನಡೆದ ಏಳು ವಿಚಾರಣೆಗಳಲ್ಲಿ ನಿಂತ ಹೆಂಗಸರು 21. ಈ ಸಾವಿರಾರು ಮಂದಿಯಲ್ಲಿ ಬಹುಪಾಲು ಯಾವ ನ್ಯಾಯಾಲಯವನ್ನೂ ಕಾಣದೆ ಮನೆಗೆ ಹೋಗಿ ಸಂಸಾರ ಹೂಡಿದರು. ಇಲ್ಲಿಂದ ಮೈದಾನೆಕ್ ಶಿಬಿರಕ್ಕೆ ಹೋಗಿದ್ದ ಹೆರ್ಮಿನೆ ಬ್ರೌನ್‌ಸ್ಟೈನರ್ 1964ರಲ್ಲಿ ನ್ಯೂಯಾರ್ಕಿನಲ್ಲಿ ಗೃಹಿಣಿಯಾಗಿ ಸಿಕ್ಕಿದಳು. ಆಕೆ ನೊಣವನ್ನೂ ನೋಯಿಸಲಾರಳೆಂದು ಗಂಡ ಹೇಳಿದನಂತೆ. 1981ರಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು.

ಫ್ರಾನ್ಸಿನ ಮಾನವಶಾಸ್ತ್ರಜ್ಞೆ ಜೆರ್ಮೇನ್ ತಿಯೋಂ ಇಲ್ಲಿ ಬಂದಿಯಾಗಿದ್ದವರು. ಅವರ ವೃದ್ಧ ತಾಯಿಯನ್ನು 1945ರ ಮಾರ್ಚ್‌ನಲ್ಲಿ ಇಲ್ಲಿಯೇ ಕೊಂದರು. ಹೊಸದಾಗಿ ಬಂದ ಕಾವಲುಗಾರ್ತಿಯರು ಎಷ್ಟು ದಿನಗಳಲ್ಲಿ ಕಠಿಣರಾಗುತ್ತಾರೆಂಬುದನ್ನು ಆಕೆ ಲೆಕ್ಕವಿಡುತ್ತಿದ್ದರು. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಮೊದಲು ಬಂದಾಗ, ಬಂದಿಯ ಮುಂದೆ ಹಾದುಹೋಗುವಾಗ ‘ಕ್ಷಮಿಸಿ’ ಎನ್ನುತ್ತಿದ್ದಳಂತೆ. ಅವಳಿಗೆ ಹಿಡಿದುದು ನಾಲ್ಕೇ ದಿನ.

ಪ್ರದರ್ಶನದಿಂದ ಹೊರಬಂದು ನಾವು ದಡದಲ್ಲಿ ಕುಳಿತೆವು. ಎದುರು ದಡದಲ್ಲಿ ಊರಿನ ಇಗರ್ಜಿಯ ಗೋಪುರ ಕಾಣುತ್ತಿತ್ತು. ನನಗೆ ಅಶೋಕವನ ನೆನಪಾಯಿತು. ಯುದ್ಧ ಮುಗಿದ ಮೇಲೆ, ಸೀತೆಯನ್ನು ಕಾಡಿದ ರಾಕ್ಷಸಿಯರನ್ನು ಕೊಲ್ಲಲು ಹನುಮಂತ ಅಪ್ಪಣೆ ಬೇಡುತ್ತಾನೆ. ರಾಜನ ಆಜ್ಞೆಯಂತೆ ನಡೆದ ದಾಸಿಯರು, ಬಿಡು ಎನ್ನುತ್ತಾಳೆ ಸೀತೆ. ಇದನ್ನು ಹೇಳಿ, “ನಾವೂ ಹಾಗೆ ಬಿಟ್ಟುಬಿಡಬಹುದಲ್ಲವೇ?” ಎಂದೆ.

“ಬಿಟ್ಟವಳು ಸೀತೆ, ಮರದಡಿಯಲ್ಲಿ ಕುಳಿತು ಅನುಭವಿಸಿದವಳು. ಆ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು?”

ಉತ್ತರ ಹೊಳೆಯಲಿಲ್ಲ. ಅನುಭವಿಸಿದವರೇ ಬಿಟ್ಟ ಪ್ರಸಂಗವೂ ಒಂದಿದೆ ಎಂದು ಯೊಹಾನ್ನಾ ಲಾಂಗೆಫೆಲ್ಡಳ ಕಥೆ ಹೇಳಿದೆ. ಆಕೆ ಇಲ್ಲಿಯ ಮುಖ್ಯ ಕಾವಲುಗಾರ್ತಿ. ಬಂದಿಗಳ ಮೇಲೆ ಮೃದುವಾದಳೆಂದು 1943ರಲ್ಲಿ ಕೆಲಸ ಕಳೆದುಕೊಂಡಳು. ಯುದ್ಧಾನಂತರ ಕ್ರಾಕೋವ್ ಸೆರೆಮನೆಯಲ್ಲಿದ್ದಾಗ, 1946ರ ಡಿಸೆಂಬರ್‌ನಲ್ಲಿ ಪೋಲೆಂಡಿನ ಮಾಜಿ ಬಂದಿನಿಯರೇ ನೆರವಾಗಿ ಆಕೆಯನ್ನು ತಪ್ಪಿಸಿ ಅಡಗಿಸಿದರು. ಆಕೆ ವಿಚಾರಣೆಗೊಳಗಾಗದೆಯೇ 1974ರಲ್ಲಿ ತೀರಿಕೊಂಡಳು.

ನನ್ನಾಕೆ ಬಹಳ ಹೊತ್ತು ಸುಮ್ಮನಿದ್ದಳು. “ಆಕೆ ಆಶ್ವಿಟ್ಸ್‌ನಲ್ಲಿಯೂ ಇದ್ದಳೆಂದು ಒಳಗೆ ಬರೆದಿತ್ತಲ್ಲ?”

“ಹೌದು. 1942ರಲ್ಲಿ ಅಲ್ಲಿಯ ಹೆಂಗಸರ ವಿಭಾಗಕ್ಕೆ ಆಕೆಯೇ ಮೇಲ್ವಿಚಾರಕಿ.”

“ಹಾಗಾದರೆ ಅಲ್ಲಿಯವರನ್ನು ಯಾರು ಕೇಳಿದರು?”

ಸಂಜೆಯ ರೈಲಿನಲ್ಲಿ ಹಿಂದಿರುಗುವಾಗ ಆಕೆ ಕಿಟಕಿಯ ಕಡೆ ನೋಡುತ್ತಲೇ ಮತ್ತೊಂದು ಪ್ರಶ್ನೆ ಎತ್ತಿದಳು. ಕೆಲಸ ತಮಗೆ ಒಗ್ಗದೆಂದು ತರಬೇತಿಯಲ್ಲಿಯೇ ಬಿಟ್ಟುಹೋದ ಹುಡುಗಿಯರೂ ಇದ್ದರಲ್ಲವೇ. ಅವರ ಪಟವೇನಾದರೂ ಅಲ್ಲಿ ಇದ್ದಿತೇ? ಇದ್ದಿರಬಹುದು. ಅಷ್ಟು ಹೊತ್ತೂ ನಾನು ಆ ಇತರರ ಮುಖಗಳನ್ನೇ ನೋಡುತ್ತ ನಿಂತಿದ್ದೆ.