ನನ್ನ ಸರ್ವ್‌ನ ವೇಗ ಎಷ್ಟು?

2016ರ ಡೇವಿಸ್ ಕಪ್‌ನಲ್ಲಿ ಅಮೆರಿಕದ ಜಾನ್ ಇಸ್ನರ್ ಗಂಟೆಗೆ 253 ಕಿ.ಮೀ. ವೇಗದಲ್ಲಿ ಸರ್ವ್ ಮಾಡಿದ್ದರು. ಅವರ ಎತ್ತರ 6 ಅಡಿ 10 ಅಂಗುಲ, ನನ್ನದು 5 ಅಡಿ 4 ಅಂಗುಲ. "ನಿನ್ನ ಎತ್ತರಕ್ಕೆ ಜೋರು ಸರ್ವ್ ಆಗಲ್ಲ ಬಿಡು" ಎಂದು ಹಲವರು ಹೇಳಿದ್ದರು. ಜಿಲ್ಲಾ ಮಟ್ಟದ ಪಂದ್ಯಕ್ಕೆ ಮೂರು ತಿಂಗಳಿತ್ತು. ಆ ಮಾತು ಎಷ್ಟು ನಿಜವೆಂದು ಅಳೆದೇ ನೋಡೋಣ ಅಂದುಕೊಂಡೆ.

ರೇಡಾರ್ ಗನ್ ನಮ್ಮ ಬಳಿ ಇಲ್ಲ. ಆದರೆ ಅಬ್ಬಾರ ಫೋನಿನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಸಿಗುತ್ತವೆ. ಬೇಸ್‌ಲೈನ್‌ನಿಂದ ಎದುರಿನ ಸರ್ವಿಸ್ ಲೈನ್‌ವರೆಗೆ 18.29 ಮೀಟರ್. ಅಸರ್ ನಮಾಝ್ ಮುಗಿಸಿ ಕೋರ್ಟಿಗೆ ಹೋಗುತ್ತಿದ್ದೆವು. ನಾನು ನಡುಗೆರೆಯ ಪಕ್ಕ ನಿಂತು ನೇರವಾಗಿ ಸರ್ವ್ ಮಾಡುತ್ತಿದ್ದೆ, ತಮ್ಮ ಬದಿಯಿಂದ ವಿಡಿಯೊ ತೆಗೆಯುತ್ತಿದ್ದ. ಸರ್ವಿಸ್ ಲೈನ್ ಹತ್ತಿರ ಬಿದ್ದವುಗಳನ್ನಷ್ಟೇ ಲೆಕ್ಕಕ್ಕೆ ಹಿಡಿದೆವು. ಮೊದಲ ವಾರದ ಸರಾಸರಿ 150 ಫ್ರೇಮ್, ಅಂದರೆ 0.625 ಸೆಕೆಂಡ್. ದೂರವನ್ನು ಕಾಲದಿಂದ ಭಾಗಿಸಿದರೆ ಗಂಟೆಗೆ 105 ಕಿ.ಮೀ.

ಇದು ಸರಾಸರಿ ವೇಗ. ರೇಡಾರ್ ತೋರಿಸುವುದು ಚೆಂಡು ರಾಕೆಟ್ ಬಿಟ್ಟ ಕೂಡಲೇ ಇರುವ ವೇಗ. ಆಮೇಲೆ ಗಾಳಿಯ ತಡೆಯಿಂದ ಅದು ಇಳಿಯುತ್ತದೆ. ಹಾಗಾಗಿ ನನ್ನ ಲೆಕ್ಕವನ್ನು ಇಸ್ನರ್ ಜೊತೆ ಹೋಲಿಸುವಂತಿಲ್ಲ, ನನ್ನದೇ ಹಿಂದಿನ ವಾರದ ಜೊತೆ ಹೋಲಿಸಬಹುದು.

ನೋಟ್‌ಬುಕ್ ನೋಡಿದಾಗ ಅಚ್ಚರಿಯಾಯಿತು. ಬಲವೆಲ್ಲ ಹಾಕಿ ಬೀಸಿದ ಸರ್ವ್‌ಗಳು ಹೆಚ್ಚು ವೇಗದವಾಗಿರಲಿಲ್ಲ. ಟಾಸ್ ಸ್ವಲ್ಪ ಮುಂದಕ್ಕೆ ಹೋಗಿ, ಕೈ ಪೂರ್ತಿ ಚಾಚಿ ಹೊಡೆದವೇ ವೇಗವಾಗಿದ್ದವು. ಪಿ.ಇ. ಸರ್ ಹಿಡಿತ ಸಡಿಲ ಮಾಡಿಸಿದರು, ಮಂಡಿ ಬಗ್ಗಿಸಿ ಮೇಲೇಳುವುದನ್ನು ಹೇಳಿಕೊಟ್ಟರು. ಎರಡು ವಾರ ಬರೀ ಟಾಸ್ ಅಭ್ಯಾಸ ಮಾಡಿದೆ.

ಎತ್ತರದ ಮಾತಿನಲ್ಲಿ ಅರ್ಧ ಸತ್ಯವಿದೆ. ನೆಟ್‌ನ ನಡುವಿನ ಎತ್ತರ 0.914 ಮೀಟರ್. ಚೆಂಡು ಸರಳ ರೇಖೆಯಲ್ಲಿ ಹೋಗುವುದಾದರೆ, 2.61 ಮೀಟರಿಗಿಂತ ಮೇಲಿನಿಂದ ಹೊಡೆದರಷ್ಟೇ ನೆಟ್ ದಾಟಿ ಬಾಕ್ಸ್‌ನೊಳಗೆ ಬೀಳುತ್ತದೆ. ನಾನು ಹೊಡೆಯುವುದು ಸುಮಾರು 2.4 ಮೀಟರಿನಿಂದ. ಆದರೆ ಚೆಂಡು ಸರಳ ರೇಖೆಯಲ್ಲಿ ಹೋಗುವುದಿಲ್ಲ. ಗುರುತ್ವಾಕರ್ಷಣೆ ಅದನ್ನು ಕೆಳಗೆ ಬಾಗಿಸುತ್ತದೆ, ಟಾಪ್‌ಸ್ಪಿನ್ ಇನ್ನಷ್ಟು ಬಾಗಿಸುತ್ತದೆ. ನನ್ನಂಥವರು ವೇಗದ ಜೊತೆಗೆ ಸ್ಪಿನ್ ಕಲಿಯಲೇಬೇಕು. ಅರ್ಜೆಂಟೀನಾದ ಡಿಯಾಗೊ ಶ್ವಾರ್ಟ್ಸ್‌ಮನ್ 5 ಅಡಿ 7 ಅಂಗುಲದವರು. 2020ರಲ್ಲಿ ವಿಶ್ವದ 8ನೇ ಸ್ಥಾನಕ್ಕೇರಿದರು.

ಮೂರನೇ ತಿಂಗಳು 138 ಫ್ರೇಮ್ ಬಂತು: ಗಂಟೆಗೆ 114 ಕಿ.ಮೀ. ಮೊದಲು 20ರಲ್ಲಿ 8 ಸರ್ವ್ ಒಳಗೆ ಬೀಳುತ್ತಿದ್ದವು, ಈಗ 13. ಜಿಲ್ಲಾ ಪಂದ್ಯದಲ್ಲಿ ಎರಡನೇ ಸುತ್ತಿಗೆ ಸೋತೆ. ಆದರೆ ಆ ಇಡೀ ಪಂದ್ಯದಲ್ಲಿ ಮಾಡಿದ್ದು ಎರಡೇ ಡಬಲ್ ಫಾಲ್ಟ್. ಇನ್ಷಾ ಅಲ್ಲಾಹ್, ಮುಂದಿನ ಗುರಿ 20ರಲ್ಲಿ 16.

– ಪ್ರಥಮ ಪಿಯುಸಿ, ವಿಜ್ಞಾನ ವಿಭಾಗ