ಹಿಮವಿಲ್ಲದ ಸೀಮೆಯ ಜಾಡು

ಡಿಸೆಂಬರ್ ಬಂತೆಂದರೆ ಶುಭಾಶಯ ಪತ್ರಗಳಲ್ಲಿಯೂ ಗೋಡೆಯ ಕ್ಯಾಲೆಂಡರುಗಳಲ್ಲಿಯೂ ಮೊಣಕಾಲುದ್ದ ಹಿಮದಲ್ಲಿ ನಿಂತ ಜಿಂಕೆಯ ಚಿತ್ರ ತಪ್ಪದೆ ಕಾಣಿಸಿಕೊಳ್ಳುತ್ತದೆ. ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಚೋರನೂರಿನಂತಹ ಊರಿನ ಮಕ್ಕಳು, ತಮ್ಮ ಸೀಮೆಯ ಗುಡ್ಡಗಳಲ್ಲಿಯೇ ಗೊರಸಿನ ಪ್ರಾಣಿಗಳು ಚಳಿಗಾಲವನ್ನು ಕಳೆಯುತ್ತಿರುವಾಗ, ಕಣ್ಣಿನಿಂದ ಕಾಣದ ಹಿಮವನ್ನೇ ಚಳಿಗಾಲದ ಗುರುತೆಂದು ಕಲಿಯುವುದು ಬೇಸರದ ಸಂಗತಿ. ಹಿಮಕ್ಕೂ ಜಿಂಕೆಗೂ ಇರುವ ಸಂಬಂಧ ನಿಜವಾದುದೇ: ಉತ್ತರ ಅಮೆರಿಕದ ಬಿಳಿಬಾಲದ ಜಿಂಕೆಗಳು, ಹಿಮ ಸುಮಾರು ಒಂದೂವರೆ ಅಡಿಯಷ್ಟು ಕೂಡಿದಾಗ ನಡೆಯಲು ತ್ರಾಸಪಟ್ಟು, ಎಲೆಯುದುರಿಸದ ಸೂಚಿಪರ್ಣ ಮರಗಳ ಅಡಿಯಲ್ಲಿ ಗುಂಪುಗೂಡುತ್ತವೆ, ತುಳಿದು ಗಟ್ಟಿಯಾದ ಕೆಲವೇ ಜಾಡುಗಳಲ್ಲಿ ಓಡಾಡಿ ಮೈಯ ಶಕ್ತಿಯನ್ನು ಉಳಿಸಿಕೊಳ್ಳುತ್ತವೆ. ಇದು ಆ ನಾಡಿನ ಮಾತು.

ಚೋರನೂರು ಸೀಮೆಯಲ್ಲಿ ಹಿಮದ ಆ ಕೆಲಸವನ್ನು ಮಾಡುವುದು ಒಣಗು. ಮಳೆಗಾಲ ಮುಗಿದು ಬಾದೆ ಹುಲ್ಲು ಹಳದಿಗೆ ತಿರುಗಿ, ದಿಂಡಿಗದ ಎಲೆ ಉದುರತೊಡಗಿ, ಹಳ್ಳದ ನೀರು ಹರಿಯುವುದನ್ನು ಬಿಟ್ಟು ಅಲ್ಲಲ್ಲಿ ಮಡುಗಟ್ಟಿ ನಿಂತಾಗ, ಕಾಡಿನ ಗೊರಸುಗಳ ದಾರಿಗಳೂ ಆ ಮಡುಗಳತ್ತ ಕೂಡಿಕೊಳ್ಳುತ್ತವೆ. ಇಲ್ಲಿನ ಮುಖ್ಯ ಪ್ರಾಣಿ ಕೊಂಡುಕುರಿ. ಇದು ಜಿಂಕೆಯಲ್ಲ, ಜಿಂಕೆಯ ಕೊಂಬು ವರ್ಷಕ್ಕೊಮ್ಮೆ ಕಳಚಿ ಬೀಳುತ್ತದೆ, ಕೊಂಡುಕುರಿಯದು ಬೀಳುವುದಿಲ್ಲ. ಗಂಡಿಗೆ ನಾಲ್ಕು ಕೊಂಬುಗಳಿದ್ದು, ಮುಂದಿನ ಜೋಡಿ ಕೂದಲಲ್ಲಿ ಮರೆಯಾಗುವಷ್ಟು ಚಿಕ್ಕದಾಗಿರುವುದೂ ಉಂಟು. ಇಪ್ಪತ್ತು ಕಿಲೋ ಆಸುಪಾಸಿನ ಈ ಪ್ರಾಣಿ ಭಾರತ ಮತ್ತು ನೇಪಾಳಗಳನ್ನು ಬಿಟ್ಟರೆ ಬೇರೆಲ್ಲಿಯೂ ಇಲ್ಲ. ಹಿಂಡು ಕಟ್ಟದೆ ಒಂಟಿಯಾಗಿಯೋ ಜೋಡಿಯಾಗಿಯೋ ಇರುತ್ತದೆ. ನೀರಿನಿಂದ ಬಹುದೂರ ಹೋಗುವುದಿಲ್ಲ. ಚಳಿಗಾಲದಲ್ಲಿ ನೆಲ್ಲಿ ಮತ್ತು ಬಾರಿ ಹಣ್ಣು ಉದುರಿದ ಮರಗಳ ಬುಡವನ್ನು ಹುಡುಕುತ್ತದೆ.

ಕೊಂಡುಕುರಿಯ ಬಗ್ಗೆ ಎಲ್ಲಕ್ಕಿಂತ ಹೆಚ್ಚಿನ ಗಮನ ಸಲ್ಲಬೇಕಾದುದು ಅದರ ಹಿಕ್ಕೆಗೆ. ಈ ಪ್ರಾಣಿ ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ಹಿಕ್ಕೆ ಹಾಕುವುದರಿಂದ ಅಲ್ಲೊಂದು ಗುಡ್ಡೆಯೇ ಬೆಳೆಯುತ್ತದೆ. ಆ ಗುಡ್ಡೆಯ ಮೇಲ್ಭಾಗದಲ್ಲಿ ಕಪ್ಪಾಗಿ, ಇನ್ನೂ ಹಸಿಯಾಗಿ ಮಿರುಗುವ ಕಾಳುಗಳು, ಅವುಗಳ ಕೆಳಗೆ ಮಿರುಗು ಕಳೆದು ಕಂದಿದವು, ತಳದಲ್ಲಿ ಬಿರುಕುಬಿಟ್ಟು ಒಳಗಿನ ಹುಲ್ಲಿನ ನಾರು ಹೊರಗೆ ಕಾಣುವವು ಇರುತ್ತವೆ. ಪ್ರಾಣಿ ಎಷ್ಟು ದಿನಗಳಿಂದ ಈ ದಾರಿಯಲ್ಲಿ ಬಂದು ಹೋಗುತ್ತಿದೆ ಎಂಬುದನ್ನು ಇಷ್ಟರಿಂದಲೇ ಅಂದಾಜು ಮಾಡಬಹುದು. ಮಳೆಗಾಲದಲ್ಲಿ ನೀರು ಮತ್ತು ಸಗಣಿಹುಳುಗಳು ಇದನ್ನು ಬೇಗ ಇಲ್ಲವಾಗಿಸುತ್ತವೆ; ಒಣಗಿನ ಕಾಲದಲ್ಲಿ ಅದು ಬಹಳ ದಿನ ಉಳಿಯುತ್ತದೆ. ಹಿಮದ ನಾಡಿನಲ್ಲಿ ಹೆಜ್ಜೆ ಉಳಿದಂತೆ ಇಲ್ಲಿ ಹಿಕ್ಕೆ ಉಳಿಯುತ್ತದೆ. ಹುಲಿ ಗಣತಿಯ ಸಮಯದಲ್ಲಿ ಅರಣ್ಯ ಸಿಬ್ಬಂದಿ ಸಸ್ಯಾಹಾರಿಗಳ ಹಿಕ್ಕೆಯನ್ನು ಎಣಿಸಿ ಬರೆದುಕೊಳ್ಳುವುದು ಸುಮ್ಮನೆ ಅಲ್ಲ. ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಗುಡ್ಡದ ಬುಡಕ್ಕೆ ಕರೆದೊಯ್ದು, ಯಾವುದು ಕುರಿಯದು, ಯಾವುದು ಮೊಲದ್ದು, ಯಾವುದು ಕೊಂಡುಕುರಿಯದು ಎಂದು ಹಿಕ್ಕೆ ನೋಡಿ ಹೇಳುವುದನ್ನು ಕಲಿಸಿದರೆ, ಅದು ಪ್ರಾಣಿಶಾಸ್ತ್ರದ ಮೊದಲ ಪಾಠವಾಗಲು ಎಲ್ಲ ವಿಧದಲ್ಲಿಯೂ ಯೋಗ್ಯವಾದುದು.

ನಮ್ಮಲ್ಲಿಯೂ ಜಿಂಕೆಯ ಚಿತ್ರಗಳು ಇಲ್ಲದಿಲ್ಲ: ಹಂಪಿಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಬೇಟೆಯ ಜಿಂಕೆಗಳಿವೆ. ಆದರೆ ಈ ಸೀಮೆಗೆ ಹೆಚ್ಚು ಹೊಂದುವ ಪ್ರಸಂಗ ವ್ಯಾಸಭಾರತದ ವನಪರ್ವದ್ದು. ದ್ವೈತವನದಲ್ಲಿ ಅಳಿದುಳಿದ ಮೃಗಗಳು ಯುಧಿಷ್ಠಿರನ ಕನಸಿನಲ್ಲಿ ಕಣ್ಣೀರಿಡುತ್ತ ಬಂದು, ತಾವು ಬೀಜದಷ್ಟು ಮಾತ್ರ ಉಳಿದಿರುವುದರಿಂದ ಪಾಂಡವರು ಬೇರೆ ಕಾಡಿಗೆ ಹೋಗಬೇಕೆಂದು ಬೇಡಿಕೊಳ್ಳುತ್ತವೆ. ಧರ್ಮರಾಯ ಎದ್ದವನೇ ತಮ್ಮಂದಿರಿಗೆ ಹೇಳಿ ಕಾಮ್ಯಕವನಕ್ಕೆ ಹೊರಡುತ್ತಾನೆ. ಜಾಗ ಬಿಟ್ಟುಕೊಟ್ಟದ್ದು ಮನುಷ್ಯ. ನಮ್ಮ ಕಾಲದಲ್ಲಿಯೂ ಹಾಗೆ ಜಾಗ ಬಿಟ್ಟುಕೊಟ್ಟದ್ದುಂಟು: 2011ರಲ್ಲಿ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಸುಮಾರು 77 ಚದರ ಕಿಲೋಮೀಟರ್ ಕಾಡು ಕೊಂಡುಕುರಿ ವನ್ಯಜೀವಿಧಾಮವಾಯಿತು. ಅದೇ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಯಿತು. ಗಣಿಗಳಲ್ಲಿ ಕೆಲವು ಮುಂದೆ ಮತ್ತೆ ತೆರೆದವು. ಅದಿರಿನ ಲಾರಿಗಳು ಓಡಾಡುವ ರಸ್ತೆಯೊಂದು ಗುಡ್ಡಕ್ಕೂ ಮಡುವಿಗೂ ನಡುವೆ ಬಂದರೆ ಜಾಡು ತುಂಡಾಗುತ್ತದೆ, ನೀರು ಹತ್ತಿರವಿದ್ದೂ ದೂರವಾಗುತ್ತದೆ. ಅಂತಹ ಪ್ರತಿ ಮಡುವಿಗೂ ದಾರಿಯೊಂದನ್ನು ಬಿಟ್ಟುಕೊಡುವುದು ಅತ್ಯಗತ್ಯ.

ಹಿಕ್ಕೆಯ ಮಾತು ಬಂದಮೇಲೆ ಕುರಿಯದನ್ನು ಬಿಡುವಂತಿಲ್ಲ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿಗಾರರು ರಾತ್ರಿ ಮಂದೆಯನ್ನು ತರುಬುತ್ತಾರೆ, ಎಂದರೆ ಹಿಕ್ಕೆ ಮತ್ತು ಗಂಜಲ ನೆಲಕ್ಕೆ ಬೀಳಲೆಂದು ಕುರಿಗಳನ್ನು ಹೊಲದಲ್ಲಿಯೇ ಕೂಡಿಹಾಕುತ್ತಾರೆ. ಹೊಲದವರು ಅದಕ್ಕೆ ಕಾಳನ್ನೋ ಹಣವನ್ನೋ ಕೊಡುತ್ತಾರೆ. ಎಷ್ಟು ರಾತ್ರಿ ತರುಬಬೇಕೆಂಬುದು ಮಂದೆಯ ಗಾತ್ರವನ್ನೂ ಹೊಲದ ಅಳತೆಯನ್ನೂ ನೋಡಿ ಮಾತಿನಲ್ಲಿಯೇ ತೀರ್ಮಾನವಾಗುತ್ತದೆ. ಮಂದೆ ದಿನಕ್ಕೊಂದು ತುಂಡು ನೆಲದಂತೆ ಸರಿಯುತ್ತ ಇಡೀ ಹೊಲವನ್ನು ಮುಗಿಸಿದ ಮೇಲೆ ಪಕ್ಕದ ಬದುವನ್ನು ದಾಟುತ್ತದೆ.