ತೊಳೆದ ತಪ್ಪು

ಶುಚಿ ಎಂದರೆ ನಮ್ಮ ಮನೆಯಲ್ಲಿ ತಿಕ್ಕಿ ತೊಳೆಯುವುದು. ಅದೇ ಅಭ್ಯಾಸಬಲದಿಂದ ಒಂದು ಭಾನುವಾರ ಮೀನಿನ ತೊಟ್ಟಿಯ ಫಿಲ್ಟರ್ ಬಿಚ್ಚಿ, ಕಂದು ಲೋಳೆ ಕಟ್ಟಿದ್ದ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಹೊಸದರಂತೆ ಮಾಡಿದೆ. ಮೂರನೆಯ ದಿನ ನೀರು ಅಕ್ಕಚ್ಚಿನಂತಾಯಿತು.

ಹಾಸಿಗೆ ಹಿಡಿದಿದ್ದ ಅಮ್ಮನಿಗೆ ಆ ಎರಡು ಗೋಲ್ಡ್‌ಫಿಶ್‌ಗಳೇ ಸಂಗಾತಿ. "ನನ್ನ ಕಣ್ಣಿಗೆ ಮತ್ತೆ ಪೊರೆ ಬಂತೇನೋ?" ಎಂದಳು. ನಾನು ಇಲ್ಲವೆನ್ನಲಿಲ್ಲ. ಈಗಲೂ ನಾಚಿಕೆಯಾಗುತ್ತದೆ.

ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದಾಗ ಮೀನಿನಂಗಡಿಗೆ ಓಡಿದೆ. "ಅದು ಕೊಳೆಯಲ್ಲ ಸಾರ್, ಅದರಲ್ಲೇ ಒಳ್ಳೆಯ ಬ್ಯಾಕ್ಟೀರಿಯಾ ಇರೋದು. ತೊಟ್ಟಿಯ ನೀರಲ್ಲೇ ಅದ್ದಿ ತೆಗೀಬೇಕಿತ್ತು" ಎಂದ ಹುಡುಗ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟಾಗಿಸಿ, ನೈಟ್ರೇಟಾಗಿಸಿ ವಿಷ ಇಳಿಸುವ ಜೀವಿಗಳನ್ನು ನಾನು ನಲ್ಲಿಯ ಕ್ಲೋರಿನ್ನಿಗೆ ಒಪ್ಪಿಸಿದ್ದೆ. ನೀರನ್ನು ಬೆಳ್ಳಗೆ ಮಾಡಿದ್ದು ಆ ಸಂದಿಯಲ್ಲಿ ನುಗ್ಗಿ ಬೆಳೆದ ಬೇರೆ ಬ್ಯಾಕ್ಟೀರಿಯಾ.

ತಿಂಡಿ ನಿಲ್ಲಿಸಿದೆ. ದಿನವೂ ಕಾಲುಭಾಗ ನೀರು ತೆಗೆದು, ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದಿಟ್ಟದ್ದನ್ನು ಸುರಿದೆ. ಗಾಳಿಯ ಪಂಪು ರಾತ್ರಿಯೆಲ್ಲ ಗುರುಗುಟ್ಟಿತು.

ಹತ್ತನೆಯ ದಿನ ನೀರು ತಿಳಿಯಾಯಿತು.

"ಕಣ್ಣು ಸರಿಹೋಯ್ತು ಕಣೋ" ಎಂದಳು ಅಮ್ಮ. ಸ್ವಲ್ಪ ಹೊತ್ತು ತೊಟ್ಟಿಯನ್ನೇ ನೋಡಿ, "ಇನ್ನೊಂದೆಲ್ಲಿ?" ಎಂದಳು.